ನೋಯದ ಕಾಲು, ಕೆಂಪು ಚುಕ್ಕೆ

ಎರಡು ವರ್ಷದ ಹಿಂದೆ ಒಂದು ಸಂಜೆ ಶೂ ಬಿಚ್ಚಿದಾಗ ಒಳಗಿಂದ ಒಂದು ಕಲ್ಲು ಟಕ್ ಅಂತ ನೆಲಕ್ಕೆ ಬಿತ್ತು. ಕಡಲೆಕಾಳಿನಷ್ಟು ದಪ್ಪ. ಬೆಳಿಗ್ಗೆಯಿಂದ ಅದರ ಮೇಲೇ ನಡೆದಿದ್ದೆ. ಮೆಟ್ಟಿಲು ಹತ್ತಿದ್ದೆ, ಇಳಿದಿದ್ದೆ, ಒಂದು ಸಲ ಓಡಿಯೂ ಇದ್ದೆ. ಗೊತ್ತೇ ಆಗಿರಲಿಲ್ಲ. ಸಾಕ್ಸ್ ನೋಡಿದವಳು ನನ್ನ ಹೆಂಡತಿ. "ಏನ್ರೀ ಇದು, ಇಷ್ಟು ಒದ್ದೆ?" ಅಂದಳು. ಬೆವರು ಅಂದೆ. ಬೆವರಲ್ಲ, ರಕ್ತ.

ಆ ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು. ಮೊದಲು ತೋರಿಸಿದ ಕಡೆ "ಸಣ್ಣ ಗಾಯ, ಮುಲಾಮು ಹಚ್ಚಿ" ಅಂದರು. ನಾನು ಮುಲಾಮು ಹಚ್ಚಿಕೊಂಡು ಅದೇ ಕಾಲಿನ ಮೇಲೆ ನಡೆದುಕೊಂಡೇ ಇದ್ದೆ. ಮೂರು ವಾರ ಹಾಗೇ ಹೋಯಿತು. ಆಮೇಲೆ ಪಾದದ ಡಾಕ್ಟರ್ ಹತ್ತಿರ ಹೋಗಿದ್ದು, ಕೀವು ತೆಗೆದಿದ್ದು, ದಿನ ಬಿಟ್ಟು ದಿನ ಡ್ರೆಸ್ಸಿಂಗ್, ಮೊಣಕಾಲಿನ ತನಕ ಬೂಟು. ಆ ನಾಲ್ಕು ತಿಂಗಳ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ. ಬೆರಳು ಉಳಿಯಿತು, ಅಷ್ಟು ಸಾಕು.

ನನಗೆ ಶುಗರ್ ಬಂದು 17 ವರ್ಷ. ಮೊದಮೊದಲು ಅಂಗಾಲಲ್ಲಿ ಜೋಮು. ಆಮೇಲೆ ರಾತ್ರಿ ಹೊತ್ತು ಉರಿ, ಮೆಣಸಿನಪುಡಿ ಸವರಿದ ಹಾಗೆ. ಹೊದಿಕೆ ತಾಗಿದರೂ ತಡೆಯುತ್ತಿರಲಿಲ್ಲ. ಒಂದೆರಡು ವರ್ಷ ಕಳೆದ ಮೇಲೆ ಉರಿ ತಾನಾಗಿ ಕಡಿಮೆ ಆಯಿತು. ನಾನು ಖುಷಿಪಟ್ಟೆ, ಗುಣವಾಯಿತು ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಉರಿ ಅನ್ನುವುದನ್ನು ತಿಳಿಸಬೇಕಾಗಿದ್ದ ನರಗಳೇ ಸುಸ್ತಾಗಿ ಮಲಗಿದ್ದವು ಅಂತ ಆಗ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಗಾಯ ಮುಚ್ಚಿದ ದಿನ ಡಾಕ್ಟರ್ ಹತ್ತಿರ "ಇನ್ನು ಬರೋದು ಬೇಡ ಅಲ್ವಾ?" ಅಂತ ಕೇಳಿದೆ. ಅವರು ನಕ್ಕರು. "ಈಗಲೇ ಜಾಸ್ತಿ ಬರಬೇಕು. ಒಂದು ಸಲ ಹುಣ್ಣು ಆಗಿ ಮಾಯ್ದವರಲ್ಲಿ ನೂರಕ್ಕೆ 40 ಜನಕ್ಕೆ ಒಂದೇ ವರ್ಷದಲ್ಲಿ ಮತ್ತೆ ಆಗುತ್ತೆ. ಅದೂ ಅದೇ ಜಾಗದಲ್ಲೇ ಆಗಬೇಕು ಅಂತೇನಿಲ್ಲ" ಅಂದರು. ಎರಡು ತಿಂಗಳಿಗೊಮ್ಮೆ ಬರಲು ಹೇಳಿದರು. ನಾನು ಒಂದು ಸಲ ತಪ್ಪಿಸಿ ಮುಂದಿನ ಸಲ ಹೋದೆ. ನಿಜ ಹೇಳಬೇಕು ಅಂದರೆ ಹೆಂಡತಿ ಎಳೆದುಕೊಂಡು ಹೋದಳು.

ಆವತ್ತು ಮೊದಲು ಹಳೆಯ ಪರೀಕ್ಷೆಗಳು. ಮೀನಿನ ಗಾಳದ ದಾರದ ಹಾಗಿರುವ ಒಂದು ನೈಲಾನ್ ಎಳೆ ಇದೆ. ಚರ್ಮಕ್ಕೆ ಒತ್ತಿದಾಗ ಸರಿಯಾಗಿ 10 ಗ್ರಾಂ ಭಾರಕ್ಕೆ ಬಾಗುತ್ತದೆ. ಕಣ್ಣು ಮುಚ್ಚಿಕೊಂಡು, ಮುಟ್ಟಿದಾಗ ಹೇಳಬೇಕು. ನಾನು ಕಣ್ಣು ಮುಚ್ಚಿ ಕೂತೆ. ಕಾದೆ. ಇನ್ನೂ ಶುರು ಮಾಡಿಲ್ಲವಲ್ಲ, ಯಾರ ಜೊತೆಗೋ ಮಾತಾಡುತ್ತಿದ್ದಾರೇನೋ ಅಂದುಕೊಂಡೆ. "ಶುರು ಮಾಡಿ ಮೇಡಂ" ಅಂದೆ. "ಎಡಗಾಲು ಮುಗೀತು" ಅಂದರು. ಕಣ್ಣು ಬಿಟ್ಟು ನೋಡಿದರೆ ಹೆಂಡತಿ ಕಿಟಕಿ ಕಡೆ ಮುಖ ಮಾಡಿಕೊಂಡಿದ್ದಳು.

ಆಮೇಲೆ ಶ್ರುತಿಕವಲನ್ನು, ಅಂದರೆ ತಟ್ಟಿದರೆ ಸೆಕೆಂಡಿಗೆ 128 ಸಲ ನಡುಗುವ ಲೋಹದ ಕವಲನ್ನು, ಹೆಬ್ಬೆರಳಿನ ಮೂಳೆ ಮೇಲೆ ಇಟ್ಟರು. ಅದು ನಡುಗುತ್ತಿದೆ ಅಂತ ಕಿವಿಗೆ ಗೊತ್ತಾಯಿತೇ ಹೊರತು ಬೆರಳಿಗೆ ಗೊತ್ತಾಗಲಿಲ್ಲ. ಪಾದದ ಮೇಲೆ, ಹರಡಿನ ಹಿಂದೆ ನಾಡಿ ಹುಡುಕಿದರು. ಕಾಲಿನ ಬಿಪಿ, ಕೈಯ ಬಿಪಿ ಎರಡನ್ನೂ ಅಳೆದು ಭಾಗಿಸಿದರು. ರಕ್ತ ಓಡಾಟ ಪರವಾಗಿಲ್ಲ ಅಂದರು. ಇದು ಯಾಕೆ ಮುಖ್ಯ ಅಂತ ಆಮೇಲೆ ಗೊತ್ತಾಯಿತು. ರಕ್ತನಾಳ ಕಟ್ಟಿಕೊಂಡ ಕಾಲು ತಣ್ಣಗಿರುತ್ತದೆ. ಒಳಗೆ ತೊಂದರೆ ಇದ್ದರೂ ಬಿಸಿ ಏರುವಷ್ಟು ರಕ್ತ ಅಲ್ಲಿಗೆ ತಲುಪುವುದಿಲ್ಲ. ಅಂಥ ಕಾಲಿನ ಥರ್ಮಲ್ ಚಿತ್ರ, ಅಂದರೆ ಶಾಖದ ಚಿತ್ರ, ನೋಡಿ ಎಲ್ಲ ಸರಿ ಇದೆ ಅಂದುಕೊಂಡರೆ ಮೋಸ ಹೋಗುತ್ತೇವೆ.

"ಇವತ್ತು ಥರ್ಮಲ್ ಕ್ಯಾಮೆರಾದಲ್ಲೂ ಒಂದು ಸಲ ನೋಡಿಬಿಡೋಣ" ಅಂದರು.

ನಾನು ಎಕ್ಸ್‌ರೇ ಥರ ಏನೋ ಅಂದುಕೊಂಡಿದ್ದೆ. ಅಲ್ಲ. ಇದು ಕಾಲಿನೊಳಗೆ ಏನನ್ನೂ ಬಿಡುವುದಿಲ್ಲ. ಕಾಲಿನಿಂದ ಸುಮ್ಮನೆ ಹೊರಗೆ ಬರುತ್ತಿರುವ ಶಾಖವನ್ನು ನೋಡುತ್ತದೆ, ಅಷ್ಟೇ. ಮುಟ್ಟುವುದೂ ಇಲ್ಲ, ಚುಚ್ಚುವುದೂ ಇಲ್ಲ. ಆದರೆ ಸುಲಭ ಅಂತ ಹೇಳಲಾರೆ. ಯಾಕೆಂದರೆ ಸುಮ್ನೆ ಕೂರಬೇಕು.

ಶೂ, ಸಾಕ್ಸ್ ಬಿಚ್ಚಿ ಮಂಚದ ಮೇಲೆ ಕಾಲು ನೀಡಿ ಕೂರಿಸಿದರು. ಫ್ಯಾನ್ ಆಫ್. ಏಸಿ ಗಾಳಿ ಕಾಲಿಗೆ ಬೀಳದ ಹಾಗೆ ಪರದೆ ಎಳೆದರು. ಕೋಣೆಯಲ್ಲಿ 23 ಡಿಗ್ರಿ. ಪಾದ ಕೋಣೆಯ ಗಾಳಿಗೆ ಹೊಂದಿಕೊಳ್ಳುವ ತನಕ, ಹೆಚ್ಚುಕಡಿಮೆ 15 ನಿಮಿಷ, ಹೀಗೇ ಇರಬೇಕು. ಕಾಲ ಮೇಲೆ ಕಾಲು ಹಾಕುವ ಹಾಗಿಲ್ಲ, ನೆಲಕ್ಕೆ ಇಡುವ ಹಾಗಿಲ್ಲ, ಕೈಯಲ್ಲಿ ಮುಟ್ಟುವ ಹಾಗಿಲ್ಲ. ಹತ್ತನೇ ನಿಮಿಷಕ್ಕೆ ಸೊಳ್ಳೆ ಕಚ್ಚಿದಂತಾಗಿ ಹರಡಿನ ಹತ್ತಿರ ಕೆರೆದುಕೊಂಡೆ. ಕ್ಯಾಮೆರಾ ನೋಡಿಕೊಳ್ಳುತ್ತಿದ್ದ ಹುಡುಗ "ಸರ್!" ಅಂದ. ಕ್ಯಾಮೆರಾದ ಪರದೆಯ ಮೇಲೆ ನನ್ನ ನಾಲ್ಕು ಬೆರಳ ಗೆರೆ ಕೆಂಪಗೆ ಎದ್ದು ಕಾಣುತ್ತಿತ್ತು. ಮತ್ತೆ ಐದು ನಿಮಿಷ ಕಾಯಿಸಿದ.

ಆ ಹುಡುಗ ಒಂದು ತಮಾಷೆ ತೋರಿಸಿದ. ಅವನ ಪಾದವನ್ನು ಬರಿಗಾಲಲ್ಲಿ ನೆಲದ ಮೇಲೆ ಹತ್ತು ಸೆಕೆಂಡ್ ಊರಿ ಎತ್ತಿದ. ಕಣ್ಣಿಗೆ ಬರೀ ನೆಲ. ಕ್ಯಾಮೆರಾದಲ್ಲಿ ಅಲ್ಲಿ ಐದೂ ಬೆರಳಿನ ಒಂದು ಪಾದ ಹೊಳೆಯುತ್ತಿತ್ತು. ನಿಧಾನಕ್ಕೆ ಅಂಚಿನಿಂದ ಕರಗುತ್ತಾ ಬಂತು. ಕೊನೆಗೆ ಉಳಿದಿದ್ದು ಹಿಮ್ಮಡಿ ಮತ್ತು ಬೆರಳುಗಳ ಬುಡ. ಭಾರ ಬೀಳುವ ಜಾಗ ಅವು. ನಮಗೆಲ್ಲ ಹುಣ್ಣು ಏಳುವುದೂ ಹೆಚ್ಚಾಗಿ ಬೆರಳುಗಳ ಬುಡದಲ್ಲೇ.

ನನ್ನ ಸರದಿ ಬಂತು. ಎರಡು ತೂತಿರುವ ಒಂದು ಕಪ್ಪು ಫೋಮ್ ಹಲಗೆ. ಅದರೊಳಗಿಂದ ಪಾದ ಆಚೆ ಹಾಕಬೇಕು. ಹಿಂದೆ ಇರುವ ಮೈಯ ಶಾಖ ಚಿತ್ರದಲ್ಲಿ ಬೀಳಬಾರದು ಅಂತ. ಒಂದು ಮೀಟರ್ ದೂರದಲ್ಲಿ ಕ್ಯಾಮೆರಾ. ಕ್ಲಿಕ್ ಅನ್ನುವ ಸದ್ದು ಎರಡು ಸಲ. ಮುಗಿಯಿತು.

ಚಿತ್ರ ನೋಡಲು ಚೆನ್ನಾಗಿತ್ತು, ಅದೇ ತೊಂದರೆ. ಬೆರಳು ನೀಲಿ, ಹಿಮ್ಮಡಿ ಹಸಿರು, ಅಂಗಾಲಿನ ಗುಳಿ ಹಳದಿ. ಎರಡೂ ಪಾದ ಸೇರಿಸಿ ನೋಡಿದರೆ ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ. ಗುಳಿ ಸ್ವಲ್ಪ ಬೆಚ್ಚಗಿರುವುದು ಸಹಜವಂತೆ. ಆದರೆ ಎಡಗಾಲಿನಲ್ಲಿ, ಹೆಬ್ಬೆರಳಿನ ಬುಡದ ಉಬ್ಬಿನ ಮೇಲೆ, ಒಂದು ಕೆಂಪು ಚುಕ್ಕೆ. ನಡುವೆ ಬಿಳಿ.

ಎಡಗಾಲು! ಕಲ್ಲು ಚುಚ್ಚಿದ್ದು ಬಲಗಾಲಿಗೆ. ಎಡಗಾಲಿನ ಬಗ್ಗೆ ನನಗೆ ಯಾವ ಯೋಚನೆಯೂ ಇರಲಿಲ್ಲ.

"ಕೆಂಪು ನೋಡಿ ಹೆದರಬೇಡಿ" ಅಂದರು ಡಾಕ್ಟರ್. "ಬಣ್ಣ ಹಚ್ಚೋದು ಕಂಪ್ಯೂಟರ್. ಅಳತೆ ಬದಲಾಯಿಸಿದರೆ ಇಡೀ ಪಾದ ಕೆಂಪಾಗುತ್ತೆ, ನೋಡಿ" ಅಂತ ಒಂದು ಗುಂಡಿ ತಿರುಗಿಸಿದರು. ನಿಜ, ಎರಡೂ ಪಾದ ಬೆಂಕಿ ಹತ್ತಿದ ಹಾಗಾಯಿತು. ಇನ್ನೊಂದು ಕಡೆ ತಿರುಗಿಸಿದರೆ ಚುಕ್ಕೆಯೇ ಮಾಯ. "ಬಣ್ಣ ಬಿಡಿ, ಅಂಕಿ ನೋಡಿ." ಎಡಗಾಲಿನ ಆ ಜಾಗದಲ್ಲಿ 31.8. ಬಲಗಾಲಿನ ಅದೇ ಜಾಗದಲ್ಲಿ 28.9. ವ್ಯತ್ಯಾಸ 2.9.

ಒಂದು ಪಾದಕ್ಕೆ ಇನ್ನೊಂದು ಪಾದವೇ ಅಳತೆಗೋಲು. ಪಾದ ಇಷ್ಟೇ ಬಿಸಿ ಇರಬೇಕು ಅಂತ ಯಾರಿಗೂ ಕಟ್ಟುನಿಟ್ಟಿನ ಲೆಕ್ಕ ಇಲ್ಲ. ಒಬ್ಬರದ್ದು 26 ಇರಬಹುದು, ಇನ್ನೊಬ್ಬರದ್ದು 32. ಆದರೆ ಒಬ್ಬರದ್ದೇ ಎರಡು ಪಾದ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಒಂದೇ ಜಾಗದಲ್ಲಿ 2.2 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಎಚ್ಚರ. ಈ 2.2 ಯಾಕೆ, ಸುಮ್ನೆ 2 ಅನ್ನಬಾರದಿತ್ತಾ ಅಂತ ಕೇಳಿದೆ. ಲೆಕ್ಕ ಹಾಕಿದವರು ಅಮೆರಿಕದವರು, ಅವರ ಫ್ಯಾರನ್‌ಹೀಟ್‌ನಲ್ಲಿ ಅದು ಸರಿಯಾಗಿ 4 ಡಿಗ್ರಿ. ಅದನ್ನು ನಮ್ಮ ಸೆಲ್ಸಿಯಸ್‌ಗೆ ಇಳಿಸಿದಾಗ 2.2. ಇಂಥ ಸಣ್ಣ ವಿಷಯ ತಿಳಿದರೆ ನನಗೆ ಸಮಾಧಾನ.

ಹೆಬ್ಬೆರಳಿನ ಬುಡದಲ್ಲಿ ಮೇಲುನೋಟಕ್ಕೆ ಇದ್ದಿದ್ದು ಹಳದಿ ಬಣ್ಣದ ಒಂದು ಆಣಿ. ಎಷ್ಟೋ ವರ್ಷದಿಂದ ಇದೆ ಅಂದುಕೊಂಡಿದ್ದೆ. ಡಾಕ್ಟರ್ ಬ್ಲೇಡ್ ತೆಗೆದುಕೊಂಡು ಅದನ್ನು ಪದರ ಪದರವಾಗಿ ಹೆರೆದರು. ಚೀಸ್ ತುರಿದ ಹಾಗೆ ಬಿಳಿ ಚೂರು ಉದುರುತ್ತಿತ್ತು. ನೋವೂ ಇಲ್ಲ, ಏನೂ ಇಲ್ಲ. ಎಂಟು ಹತ್ತು ಪದರ ಹೋದ ಮೇಲೆ ಕೆಳಗೆ ಕಂದುಗೆಂಪು ಬಣ್ಣದ ಒಂದು ಕಲೆ ಕಂಡಿತು. ನೇರಳೆ ಹಣ್ಣು ಹಿಸುಕಿದ ಬಣ್ಣ. ಡಾಕ್ಟರ್ ಬ್ಲೇಡ್ ಕೆಳಗಿಟ್ಟರು.

"ಇದು ಒಳಗೆ ಜಿನುಗಿ ಹೆಪ್ಪುಗಟ್ಟಿದ ರಕ್ತ. ಚರ್ಮ ಇನ್ನೂ ಒಡೆದಿಲ್ಲ. ಒಡೆಯೋಕೆ ಮುಂಚೆ ಬಂದಿದ್ದೀರಿ."

ಹೆಜ್ಜೆ ಹೆಜ್ಜೆಗೂ ಒಂದೇ ಜಾಗಕ್ಕೆ ಪೆಟ್ಟು ಬಿದ್ದರೆ ಒಳಗಿನ ಮಾಂಸ ನಜ್ಜಾಗುತ್ತದೆ. ದೇಹ ರಿಪೇರಿಗೆ ಅಂತ ಅಲ್ಲಿಗೆ ರಕ್ತ ಜಾಸ್ತಿ ಕಳಿಸುತ್ತದೆ, ಜಾಗ ಬಿಸಿಯಾಗುತ್ತದೆ. ನೋವು ಗೊತ್ತಾಗುವವರು ಆಗ ತಮಗೇ ಅರಿವಿಲ್ಲದೆ ಸ್ವಲ್ಪ ಕುಂಟುತ್ತಾರೆ, ಭಾರ ಪಕ್ಕಕ್ಕೆ ಹಾಕುತ್ತಾರೆ. ನಾವು ಕುಂಟುವುದಿಲ್ಲ. ನೆಟ್ಟಗೆ ನಡೆದುಕೊಂಡು ಹೋಗುತ್ತೇವೆ. ನಾಳೆ ಮತ್ತೆ ಅದೇ ಜಾಗಕ್ಕೆ ಅದೇ ಪೆಟ್ಟು. ಮೇಲಿನ ಚರ್ಮ ಒಡೆಯುವುದು ಎಲ್ಲಕ್ಕಿಂತ ಕೊನೆಗೆ. ನನ್ನ ಎಡಗಾಲಿನ ಮೇಲೆ ಯಾಕೆ ಪೆಟ್ಟು ಬಿತ್ತು? ಬಲಗಾಲನ್ನು ನಾಲ್ಕು ತಿಂಗಳು ಕಾಪಾಡಿಕೊಂಡಿದ್ದೆನಲ್ಲ, ಆಗ ಎಲ್ಲ ಭಾರ ಹೊತ್ತಿದ್ದು ಎಡಗಾಲು. ಬಲಗಾಲು ಗುಣವಾದ ಮೇಲೂ ಆ ಅಭ್ಯಾಸ ಹೋಗಿರಲಿಲ್ಲ.

ಬ್ಯಾಂಡೇಜ್ ಕಟ್ಟುತ್ತಾ ಡಾಕ್ಟರ್ ಪಾಲ್ ಬ್ರ್ಯಾಂಡ್ ಅನ್ನುವವರ ಹೆಸರು ಹೇಳಿದರು. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯರು. ಕುಷ್ಠರೋಗಿಗಳ ಕೈಕಾಲು ಕೊಳೆತು ಉದುರುವುದು ರೋಗದಿಂದಲ್ಲ, ಸ್ಪರ್ಶ ಇಲ್ಲದ ಕಾಲಿಗೆ ಮತ್ತೆ ಮತ್ತೆ ಆಗುವ ಪೆಟ್ಟಿನಿಂದ ಅಂತ ಕಂಡುಕೊಂಡವರು. ರೋಗಿಗಳ ಪಾದವನ್ನು ಅಂಗೈಯಲ್ಲಿ ಸವರಿ ಎಲ್ಲಿ ಬಿಸಿ ಇದೆ ಅಂತ ಹುಡುಕುತ್ತಿದ್ದರಂತೆ. ಮುಂದೆ ಅಮೆರಿಕದ ಕಾರ್‌ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದ ಮೇಲೆ ಇದೇ ಬಿಸಿಯನ್ನು ಯಂತ್ರ ಇಟ್ಟು ನೋಡಿದರು. ನನ್ನ ಪಾದ ನೋಡಿದ ಕ್ಯಾಮೆರಾದ ಮೂಲ ಒಬ್ಬರ ಅಂಗೈ ಅಂತಾಯಿತು.

ಈಗ ಕಷ್ಟದ ಭಾಗ. ನನಗೆ ಕೊಟ್ಟ ಔಷಧಿ ಏನು ಗೊತ್ತಾ? ನಡೆಯಬೇಡಿ. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಎಡಗಾಲಿಗೆ ಮತ್ತೆ ಆ ಬೂಟು, ಒಳಗೆ ಆ ಜಾಗ ತಾಗದ ಹಾಗೆ ತೂತು ಮಾಡಿದ ದಪ್ಪ ಫೆಲ್ಟ್ ಮೆತ್ತೆ. ಶೌಚಾಲಯಕ್ಕೆ, ಊಟಕ್ಕೆ ಬಿಟ್ಟು ಏಳುವ ಹಾಗಿಲ್ಲ. ಮನೆಯೊಳಗೂ ಬೂಟು ಬಿಚ್ಚುವ ಹಾಗಿಲ್ಲ.

ಗಾಯ ಇದ್ದಾಗ ಕೂರುವುದು ಒಂದು ಥರ. ಬ್ಯಾಂಡೇಜ್ ಕಾಣುತ್ತದೆ, ಬಂದವರು ಅಯ್ಯೋ ಅನ್ನುತ್ತಾರೆ. ಗಾಯವೇ ಇಲ್ಲದೆ, ನೋವೂ ಇಲ್ಲದೆ, 2.9 ಅನ್ನುವ ಒಂದು ಅಂಕಿಗಾಗಿ ಕೂರುವುದು ಬೇರೆ ಥರ. ಮೂರನೇ ದಿನ ನನಗೇ ಅನುಮಾನ ಶುರುವಾಯಿತು. ಕ್ಯಾಮೆರಾ ತಪ್ಪು ತೋರಿಸಿರಬಹುದಲ್ವಾ? ಕಾಲು ಮುಟ್ಟಿ ನೋಡಿಕೊಂಡೆ, ಏನೂ ಅನ್ನಿಸಲಿಲ್ಲ. ಏನೂ ಅನ್ನಿಸದೇ ಇರುವುದೇ ಕಾಯಿಲೆ ಅನ್ನುವುದು ತಲೆಗೆ ಗೊತ್ತು, ಮನಸ್ಸಿಗೆ ಗೊತ್ತಿಲ್ಲ. ಐವತ್ತು ವರ್ಷ ಕಾಲು ಹೇಳಿದ್ದನ್ನು ಕೇಳಿಕೊಂಡು ಬದುಕಿದವನು ನಾನು. ಅದರ ಮಾತು ಇನ್ನು ನಂಬಬೇಡ ಅಂದರೆ ಹೇಗೆ?

ನಾಲ್ಕನೇ ದಿನ ಹೆಂಡತಿ ಮಲಗಿದ್ದಾಗ ಬೂಟು ಬಿಚ್ಚಿಟ್ಟು ಅಡುಗೆಮನೆ ತನಕ ಹೋಗಿ ಬಂದೆ. ಅವಳು ಎದ್ದೇ ಇದ್ದಳು. ಏನೂ ಬೈಯಲಿಲ್ಲ. ಹಳೆಯ ಡ್ರೆಸ್ಸಿಂಗ್ ಡಬ್ಬಿ ತಂದು ಮೇಜಿನ ಮೇಲೆ, ನನಗೆ ಕಾಣುವ ಹಾಗೆ ಇಟ್ಟು ಹೋದಳು. ಆಮೇಲೆ ನಾನು ಬೂಟು ಬಿಚ್ಚಲಿಲ್ಲ.

ಒಂದು ವಾರಕ್ಕೆ ವ್ಯತ್ಯಾಸ 2.1. ಎರಡನೇ ವಾರ 1.3. ನಾಲ್ಕನೇ ವಾರ 0.7. ಆಣಿ ಮತ್ತೊಮ್ಮೆ ಹೆರೆದಾಗ ಕಲೆ ಮಾಸಲು ಕಂದು ಬಣ್ಣಕ್ಕೆ ತಿರುಗಿತ್ತು. ಐದನೇ ವಾರ ಪಾದದ ಅಚ್ಚು ತೆಗೆದು ಮಾಡಿದ ಮೆತ್ತೆ, ಅದಕ್ಕೆ ತಕ್ಕ ಅಗಲವಾದ ಚಪ್ಪಲಿ ಕೊಟ್ಟರು. ಮೊದಲ ದಿನ ಒಂದು ಗಂಟೆ, ಎರಡನೇ ದಿನ ಎರಡು ಗಂಟೆ, ಹಾಗೆ ಅಭ್ಯಾಸ ಮಾಡಿಕೊಂಡೆ. ಚರ್ಮ ಒಡೆಯಲೇ ಇಲ್ಲ.

ಕ್ಯಾಮೆರಾ ಮನೆಗೆ ತರಲಾಗುವುದಿಲ್ಲ. ಮನೆಯಲ್ಲಿ ಚರ್ಮದ ಶಾಖ ನೋಡುವ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಇಟ್ಟುಕೊಂಡಿದ್ದೇವೆ. ಬೆಳಿಗ್ಗೆ ಎದ್ದ ತಕ್ಷಣ, ಕಾಲು ನೆಲಕ್ಕೆ ಇಡುವ ಮುಂಚೆ, ಹೊದಿಕೆ ಸರಿಸಿ ಹತ್ತು ನಿಮಿಷ ಬಿಟ್ಟು ಅಳೆಯುತ್ತೇವೆ. ಒಂದೊಂದು ಪಾದದಲ್ಲಿ ಆರು ಜಾಗ: ಹೆಬ್ಬೆರಳು, ಬೆರಳುಗಳ ಬುಡದಲ್ಲಿ ಮೂರು ಕಡೆ, ಅಂಗಾಲಿನ ನಡು, ಹಿಮ್ಮಡಿ. ಹೆಂಡತಿ ಹಿಡಿಯುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಎರಡು ದಿನ ಬಿಡದೆ 2.2 ದಾಟಿದರೆ ನಡಿಗೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಬೇಕು. ಇದು ಕೆಲಸ ಮಾಡುತ್ತದಾ ಅಂತ ಹುಡುಕಿ ಓದಿದೆ. 2007ರಲ್ಲಿ ಪ್ರಕಟವಾದ ಒಂದು ಅಮೆರಿಕದ ಅಧ್ಯಯನದಲ್ಲಿ 225 ಜನರನ್ನು 18 ತಿಂಗಳು ನೋಡಿದ್ದಾರೆ. ಹೀಗೆ ಥರ್ಮಾಮೀಟರ್ ಹಿಡಿದವರಲ್ಲಿ ನೂರಕ್ಕೆ 4.7 ಜನಕ್ಕೆ ಹುಣ್ಣಾಯಿತು, ಹಿಡಿಯದವರಲ್ಲಿ 12.2 ಜನಕ್ಕೆ.

ಆದರೆ ಹುಸಿ ಗಾಬರಿಗೂ ತಯಾರಿರಬೇಕು. ಒಂದು ದಿನ ಬಲ ಹಿಮ್ಮಡಿ 3 ಡಿಗ್ರಿ ಜಾಸ್ತಿ ಬಂತು. ನನಗೆ ಬೆವರು. ಆಮೇಲೆ ನೋಡಿದರೆ ರಾತ್ರಿಯೆಲ್ಲ ಎಡಗಾಲು ಹೊದಿಕೆಯ ಆಚೆ ಇತ್ತು, ಅದು ತಣ್ಣಗಾಗಿದ್ದಕ್ಕೆ ಇದು ಬಿಸಿ ಕಂಡಿತ್ತು. ಮರುದಿನ 0.4. ದಿನಾ ಒಂದು ಸಲ ಹತ್ತಿ ನಿಲ್ಲುವ, ಶಾಖ ಅಳೆಯುವ ಮ್ಯಾಟ್ ಬಗ್ಗೆ 2017ರಲ್ಲಿ ಬಂದ ಅಧ್ಯಯನದಲ್ಲೂ ಇದೇ ಕಥೆ. ಒಮ್ಮೆಗೇ ಬಿದ್ದ ಪೆಟ್ಟಿನಿಂದ ಆಗಿದ್ದು ಬಿಟ್ಟು ಉಳಿದ ಹುಣ್ಣುಗಳಲ್ಲಿ ನೂರಕ್ಕೆ 97ನ್ನು ಅದು ಮೊದಲೇ ಹಿಡಿಯಿತು, ಸರಾಸರಿ 37 ದಿನ ಮುಂಚೆ. ಆದರೆ ಹುಣ್ಣಾಗದವರಲ್ಲೂ ಅರ್ಧಕ್ಕಿಂತ ಜಾಸ್ತಿ ಸಲ ಗಂಟೆ ಬಾರಿಸಿತು. ಬೇಡವಾದ ಗಂಟೆ ನಾಲ್ಕು ಸಲ ಕೇಳಿದರೆ ಐದನೇ ಸಲ ಮನುಷ್ಯ ಕಿವಿ ಮುಚ್ಚಿಕೊಳ್ಳುತ್ತಾನೆ. ಎರಡು ದಿನ ನೋಡಿ ಅನ್ನುವ ನಿಯಮ ಅದಕ್ಕೇ ಇರಬೇಕು ಅಂತ ನನ್ನ ಊಹೆ.

ಇನ್ನೊಂದು ಮಾತು. ಕಲ್ಲು ಚುಚ್ಚುವುದನ್ನು, ಉಗುರು ತೆಗೆಯುವಾಗ ಕೊಯ್ದುಕೊಳ್ಳುವುದನ್ನು, ಬಿಸಿನೀರು ಸುಡುವುದನ್ನು ಯಾವ ಥರ್ಮಾಮೀಟರೂ ಮೊದಲೇ ಹೇಳುವುದಿಲ್ಲ. ಅವು ಕ್ಷಣದಲ್ಲಿ ಆಗುವಂಥವು. ಹಾಗಾಗಿ ಶೂ ಹಾಕುವ ಮುಂಚೆ ತಲೆಕೆಳಗು ಮಾಡಿ ಕೊಡವಿ, ಒಳಗೆ ಕೈ ಹಾಕಿ ತಡಕುತ್ತೇನೆ. ಸ್ನಾನದ ನೀರಿಗೆ ಮೊದಲು ಮೊಣಕೈ. ಮಗಳು ನಗುತ್ತಾಳೆ, "ಅಪ್ಪಾ, ಶೂಗೂ ಚೆಕಪ್ಪಾ?" ಅಂತ.

ಮೊನ್ನೆ ಬೆಳಿಗ್ಗೆ ಬಲಗಾಲಿನ ಕಿರುಬೆರಳ ಬುಡದಲ್ಲಿ 1.9 ಇತ್ತು. ನಿನ್ನೆ 2.4. "ಕಾಲು ಹೊದಿಕೆ ಒಳಗೇ ಇತ್ತು, ನಾನು ನೋಡಿದ್ದೀನಿ" ಅಂದಳು ಹೆಂಡತಿ. ಇವತ್ತು 2.5. ನೋವಿಲ್ಲ. ಕೆಂಪಾಗಿಲ್ಲ. ಆಣಿಯೂ ಕಾಣುತ್ತಿಲ್ಲ. ಸಂಜೆ ಒಂದು ಕಡೆ ಹೋಗಬೇಕಾಗಿತ್ತು, ಬರುವುದಿಲ್ಲ ಅಂತ ಹೇಳಿದೆ. ಯಾಕೆ ಅಂತ ಕೇಳಿದರು. ಕಾಲು ಸರಿಯಿಲ್ಲ ಅಂದೆ. ಇದನ್ನು ಬರೆಯುತ್ತಿರುವುದು ದಿಂಬಿನ ಮೇಲೆ ಕಾಲಿಟ್ಟುಕೊಂಡು. ನಾಳೆ 11 ಗಂಟೆಗೆ ಬರಲು ಡಾಕ್ಟರ್ ಹೇಳಿದ್ದಾರೆ.